ಕೈ ತೊಳೆದ ನೀರು

ಬೆಳ್ಳುಳ್ಳಿಯ ಎಲೆಯ ಮೇಲೊಂದು ಸಿಪ್ಪೆಯಿದೆ, ಈರುಳ್ಳಿಯ ಪೊರೆಗಿಂತ ತೆಳ್ಳಗಿನದು. ಅದನ್ನು ಹರಿಯದೆ ಬಿಡಿಸುವುದು ಉಪ್ಪಲ್‌ನ ಆ ಬೀಜದ ಕಂಪನಿಯಲ್ಲಿ ಅಂಬವ್ವನೊಬ್ಬಳಿಗೇ ಬರುತ್ತಿತ್ತು. ಎಲೆಯನ್ನು ಬೆರಳಿಗೆ ಸುತ್ತಿ, ಹೆಬ್ಬೆರಳ ಉಗುರು ತಾಗಿಸಿ, ಉಸಿರು ಹಿಡಿದು ಎಳೆಯುವಳು. ಸಂಶೋಧನಾ ವಿಭಾಗದ ಶಾಂಭವಿ ಅದನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಎಲೆ ಉಸಿರಾಡುವ ಸಣ್ಣ ಬಾಯಿಗಳನ್ನು ಎಣಿಸುವಳು. ಒಮ್ಮೆ ಅಂಬವ್ವನಿಗೂ ತೋರಿಸಿದ್ದಳು.

"ಎಲಿಗೂ ಬಾಯಿ ಅದಾವಲ್ರಿ ಅಕ್ಕೋರ!"

"ಹೂಂ. ನೀರು ಸಿಗಲಿಲ್ಲಂದ್ರ ಮುಚ್ಕೋತಾವ."

"ಹಂಗ ಮುಚ್ಚೋದು ನಮ್ಮ ಅತ್ತಿಗೂ ಒಂಚೂರು ಕಲಿಸ್ರಿ."

ಯಾದಗಿರಿ ಕಡೆಯಿಂದ ಬಂದ ಅಂಬವ್ವ ಮೊದಲೆರಡು ವರ್ಷ ಇದೇ ನಗರದ ಮಣಿಕೊಂಡದಲ್ಲಿ ಗಾಜಿನ ಕಟ್ಟಡಗಳಿಗೆ ಸಿಮೆಂಟ್ ಬುಟ್ಟಿ ಹೊತ್ತವಳು. ಐದನೇ ಮಹಡಿಯ ಮೆಟ್ಟಿಲಲ್ಲಿ ಬಿದ್ದ ಮೇಲೆ ನಡು ಭಾರ ತಾಳಲಿಲ್ಲ. ಕೂತು ಮಾಡುವ ಕೆಲಸವೆಂದು ಈ ಊರಿನಲ್ಲಿ ಅವಳಿಗೆ ಸಿಕ್ಕಿದ್ದು ಇದೊಂದೇ.

ಆ ಜನವರಿಯಲ್ಲಿ ಪ್ಲಾಸ್ಟಿಕ್ ಸೂರಿನ ಕೆಳಗೆ ಕುಂಡಗಳಲ್ಲಿ ಮೂರು ತಳಿಗಳಿದ್ದವು: ಬೇಗಂ ಬಜಾರಿನಿಂದ ತಂದ ದಪ್ಪ ಎಸಳಿನದು, ಗುಡ್ಡಗಾಡಿನ ಅಗಲ ಎಲೆಯದು, ಗೋಡೆಯ ಪಕ್ಕಕ್ಕೆ ಬೀದರ್ ಕಡೆಯ ಸಣ್ಣದು. ಹತ್ತು ದಿನ ನೀರು ಬಂದ್. ಯಾವುದರ ಎಲೆ ಹೆಚ್ಚು ತಾಳುತ್ತದೆಂದು ನೋಡಬೇಕಿತ್ತು.

ಹತ್ತನೆಯ ಬೆಳಿಗ್ಗೆ ಮೊದಲೆರಡು ತಳಿಗಳ ಎಲೆ ನಡುಗೆರೆಯಲ್ಲಿ ಮಡಚಿ, ತುದಿ ಹಳದಿಯಾಗಿತ್ತು. ಬಾಯಿಗಳೆಲ್ಲ ಮುಚ್ಚಿದ್ದವು. ಬೀದರಿನದು ಮಾತ್ರ ನೆಟ್ಟಗೆ ನಿಂತಿತ್ತು, ಬಾಯಿ ತೆರೆದೇ.

"ಅಂಬವ್ವಾ, ನಮ್ಮ ಕಡೀದು ಗೆದ್ದೈತಿ! ಈಗ ಸಾಹೇಬ್ರಿಗೆ ಹೇಳ್ತೀನಿ. ಇನ್ನೊಂದು ಸಿಪ್ಪಿ ಬಿಡಸು."

ಅಂಬವ್ವನ ಉಗುರು ನಿಂತಿತು. ಗೋಡೆಯ ನೆರಳಿನಲ್ಲಿ ಅವಳು ದಿನಾ ರೊಟ್ಟಿ ತಿನ್ನುತ್ತಿದ್ದಳು. ಉಂಡ ಕೈಯನ್ನು ತನ್ನ ಬಾಟಲಿಯ ನೀರಿನಿಂದ ಬೀದರಿನ ಆ ಕುಂಡಗಳ ಮೇಲೆಯೇ ತೊಳೆಯುತ್ತಿದ್ದಳು, ಡಬ್ಬಿಯನ್ನೂ. ಕೈ ತೊಳೆದ ನೀರು ಗಿಡದ ಬುಡಕ್ಕೆ ಬೀಳದಿದ್ದರೆ ಅವಳ ಮನೆಯಲ್ಲಿ ಬೈಗುಳ ಬೀಳುತ್ತಿತ್ತು. ಇಲ್ಲಿ ಪೈಪು ಮುಟ್ಟಬೇಡ ಎಂದಿದ್ದರು, ಮುಟ್ಟಿರಲಿಲ್ಲ. ಇದೂ ನೀರು ಹಾಕಿದಂತೆ ಎಂದು ಇಷ್ಟು ದಿನ ಹೊಳೆದೇ ಇರಲಿಲ್ಲ.

ಹೋದ ತಿಂಗಳು ಕುಂಡಗಳ ಹೆಸರಿನ ಚೀಟಿ ಅದಲುಬದಲು ಮಾಡಿದ ಹೆಂಗಸನ್ನು ಅದೇ ಸಂಜೆ ಕೆಲಸದಿಂದ ಕಳುಹಿಸಿದ್ದರು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸಿಪ್ಪೆ ಹರಿಯಿತು. ಇನ್ನೊಂದು ಎಲೆ ಹಿಡಿದಳು. ಅದೂ ಹರಿಯಿತು.

"ಯಾಕ, ಇವತ್ತೇನಾಗೇತಿ ನಿನಗ?"

"ಅಕ್ಕೋರ... ಇವು ನೀರು ಕುಡದಾವ್ರಿ. ನನ್ನ ಕೈ ತೊಳೆದ ನೀರು."

ಶಾಂಭವಿ ಅವಳನ್ನೂ ಕುಂಡಗಳನ್ನೂ ನೋಡಿದಳು. ಸಾಹೇಬರ ಕೋಣೆಗೆ ಹೋದಳು. ಬಾಗಿಲು ಮುಚ್ಚಿತು. ಅಂಬವ್ವ ಅದನ್ನೇ ನೋಡುತ್ತಾ ಕೂತಳು. ಮತ್ತೆ ಸಿಮೆಂಟ್ ಬುಟ್ಟಿ ಹೊರಬೇಕಾದೀತೆಂದು ನೆನೆದೇ ನಡು ನೋಯತೊಡಗಿತ್ತು.

ಹೊರಬಂದ ಶಾಂಭವಿಯ ಮುಖ ಕೆಂಪಾಗಿತ್ತು. "ಮತ್ತ ಮೊದಲಿಂದ, ಹತ್ತು ದಿನ. ಸಾಹೇಬ್ರು ಭಾಳ ಸಿಟ್ಟಾಗ್ಯಾರ. ಸಿಪ್ಪಿ ಬಿಡಸಾಕ ಬ್ಯಾರೆ ಯಾರಿಗರ ಬರತೈತೇನು ಅಂತ ಕೇಳಿದ್ರು. ಯಾರಿಗೂ ಬರಂಗಿಲ್ಲ ಅಂದೆ."

ಆ ಮಧ್ಯಾಹ್ನ ರೊಟ್ಟಿ ಮುಗಿದ ಮೇಲೆ ಅಂಬವ್ವ ಎಂಜಲು ಕೈಯನ್ನು ಎತ್ತಿ ಹಿಡಿದುಕೊಂಡೇ ಗೇಟು ದಾಟಿದಳು. ರಸ್ತೆಯ ಹೊಂಗೆ ಮರದ ಬುಡದಲ್ಲಿ ತೊಳೆದಳು. ತೊಳೆದ ಮೇಲೂ ಒಮ್ಮೆ ತಿರುಗಿ ಗೋಡೆಯತ್ತ ನೋಡಿದಳು, ಹನಿಯೇನಾದರೂ ಅತ್ತ ಸಿಡಿಯಿತೇನೋ ಎಂದು.