ಕಿಸೆಯಲ್ಲಿಟ್ಟ ಎಡಗೈ

ಕಾಕಾನ ಪ್ಯಾಂಟುಗಳಿಗೆಲ್ಲ ಎಡಗಡೆಯ ಕಿಸೆ ಮೊಳಕಾಲಿನ ಹತ್ತಿರದವರೆಗೂ ಇಳಿದಿರುತ್ತಿತ್ತು. ದರ್ಜಿಗೆ ಹೇಳಿ ಹಾಗೆಯೇ ಹೊಲಿಸುತ್ತಿದ್ದರು. ಎಡಗೈ ಮಣಿಕಟ್ಟು ದಾಟಿ ಅದರೊಳಗೆ ಮುಳುಗಿರುತ್ತಿತ್ತು. ಚಹಾ ಕುಡಿಯುವಾಗ, ಪೇಟೆಯಲ್ಲಿ ನಡೆಯುವಾಗ, ಲಗ್ನದ ಮನೆಯಲ್ಲಿ ಹಿರಿಯರಿಗೆ ನಮಸ್ಕಾರ ಮಾಡುವಾಗಲೂ ಹೊರಗಿರುತ್ತಿದ್ದುದು ಒಂದೇ ಕೈ. ಆ ಎಡಗೈಯನ್ನು ಅದೇ ಕಿಸೆಯೊಳಗಿರುವಾಗಲೇ ಕಬ್ಬಿಣದ ಹಾರೆಯಿಂದ ಜಜ್ಜಿದ್ದನ್ನು ನಾನು ಕಣ್ಣಾರೆ ನೋಡಿದೆ. ಎಲುಬು ಮುರಿದ ಸದ್ದು ಬಟ್ಟೆಯೊಳಗಿನಿಂದ ಬಂದದ್ದಕ್ಕೋ ಏನೋ, ಹಸಿ ಟೊಂಗೆ ಮುರಿದಂತೆ ಮಂದವಾಗಿತ್ತು. ಇವತ್ತಿಗೂ ಅರಿವೆಯಲ್ಲಿ ಕಟ್ಟಿ ಶುಂಠಿ ಜಜ್ಜಲು ಹೋದರೆ ನನ್ನ ಕೈ ಮೇಲೇಳುವುದಿಲ್ಲ.

ಇಳಕಲ್ಲಿನ ಬಸ್ ನಿಲ್ದಾಣದಿಂದ ಪೇಟೆಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ. ಮೊದಲು ಟೀವಿ ರಿಪೇರಿ ಮಾಡುತ್ತಿದ್ದರು. ಎರಡು ಸಾವಿರದ ಇಸವಿಯ ಆಚೀಚೆ ಊರಿಗೆ ಕಂಪ್ಯೂಟರುಗಳು ಬಂದಾಗ, ಮಾನಿಟರೂ ಟೀವಿಯ ತಮ್ಮನೇ ಎಂದು ಅದನ್ನೂ ಬಿಚ್ಚತೊಡಗಿದರು. ನಾನು ಬಿ.ಎಸ್ಸಿ. ಮುಗಿಸಿ ಅದೇ ಅಂಗಡಿಯ ಮೂಲೆಯಲ್ಲಿ ಕೂತು ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ, ಸೀರೆಯ ದಡಿಯ ನಕ್ಷೆಗಳನ್ನು ಪರದೆಯ ಮೇಲೆ ಚೌಕ ಚೌಕವಾಗಿ ತುಂಬುತ್ತಿದ್ದೆ. ಅವರ ಮನೆಯಲ್ಲೂ ಮಗ್ಗ, ನಮ್ಮ ಮನೆಯಲ್ಲೂ ಮಗ್ಗ. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವರು ಕಾಕಾ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಜೆಯಾಗುವಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿತ್ತು. ಚಷ್ಮಾ ಬೇಕೇನೋ ಎಂದೆ. ಕಾಕಾ ನನ್ನ ಪರದೆಯನ್ನು ನೇರವಾಗಿ ನೋಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಕಣ್ಣಂಚಿನಿಂದ ನೋಡಿದರು.

"ಕಣ್ಣ ಛಲೋ ಅದಾವ ತಂಗಿ. ಪಡದೆ ನಡಗಾಕತ್ತೈತಿ."

ಅವರು ಪರದೆಯ ನಡುಕವನ್ನು ಹಿಡಿಯುತ್ತಿದ್ದುದೇ ಹಾಗೆ, ಓರೆಗಣ್ಣಿನಲ್ಲಿ. ಕಂಪ್ಯೂಟರ್ ತಂದ ಮಾಸ್ತರಬಾಯಿಯೊಬ್ಬರು ಒಮ್ಮೆ, "ಪಡದೆ ಆಕಡೆ ಐತ್ರಿ, ನನ್ನ ಕಡೆ ಏನ ನೋಡ್ತೀರಿ?" ಎಂದು ಝಾಡಿಸಿದ್ದರು. ಆಮೇಲೆ ಗಿರಾಕಿಗಳನ್ನೆಲ್ಲ ಬೆನ್ನ ಹಿಂದೆ ನಿಲ್ಲಿಸಿಕೊಂಡೇ ನೋಡುತ್ತಿದ್ದರು.

ನನ್ನ ಕಂಪ್ಯೂಟರಿಗೆ ಯಾರೋ ಬೇರೆ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಹಾಕಿದ್ದರು. ಅದನ್ನು ಕಿತ್ತು, ಸರಿಯಾದದ್ದನ್ನು ಹಾಕಿ, ಅರವತ್ತಕ್ಕೆ ನಿಂತುಬಿಟ್ಟಿದ್ದ ರಿಫ್ರೆಶ್ ರೇಟನ್ನು ಎಂಬತ್ತೈದಕ್ಕೆ ಏರಿಸಿದರು.

"ಲಾಳಿ ಆಕಡಿ ಈಕಡಿ ಓಡಿ ಸೀರಿ ನೇಯ್ತೈತಲ್ಲ, ಇದರಾಗೂ ಹಂಗ ಒಂದ ಲಾಳಿ ಓಡ್ತೈತಿ. ಸೆಕೆಂಡಿಗೆ ಎಷ್ಟ ಸಲ ಪೂರಾ ಪಡದೆ ನೇಯ್ತು ಅನ್ನೂದ ಈ ಲೆಕ್ಕ. ಸಾವಕಾಶ ಓಡಿದ್ರ ಕಣ್ಣ ನೂಯ್ತಾವ. ತಾಕತ್ತ ಮೀರಿ ಓಡಿಸಿದ್ರ ಮಗ್ಗಾನ ಮುರೀತೈತಿ."

ತಲೆನೋವು ಅವತ್ತೇ ಬಿಟ್ಟಿತು.

ಕಿಸೆಯ ಕತೆಯನ್ನೂ ಅವರೇ ಹೇಳಿದ್ದರು. ಮಾನಿಟರಿನ ಹಿಂಬದಿ ಬಿಚ್ಚಿ, ಕರೆಂಟು ಹರಿಯುತ್ತಿರುವಾಗಲೇ ಒಳಗೆ ಕೈ ಹಾಕಿ ತಿದ್ದುವ ಕೆಲಸ ಅವರದು. "ಎರಡೂ ಕೈ ಕೊಟ್ಟೆಂದ್ರ ಕರೆಂಟ ಒಂದರಾಗ ಬಂದ ಇನ್ನೊಂದರಾಗ ಹೋಗ್ತೈತಿ. ನಡುವ ಎದಿ ಐತಿ." ಅದಕ್ಕೆ ಒಂದು ಕೈ ಯಾವಾಗಲೂ ಕಿಸೆಯಲ್ಲಿ. ಮೊದಲು ರೂಢಿ, ಆಮೇಲೆ ಮೈಗುಣ. ನನ್ನ ಚೂಡಿದಾರಕ್ಕೆ ಕಿಸೆ ಇರಲಿಲ್ಲವಾದ್ದರಿಂದ, ಸ್ವಿಚ್ಚು ಮುಟ್ಟುವಾಗ ಎಡಗೈಯಲ್ಲಿ ಓಡಣಿಯ ತುದಿ ಹಿಡಿದುಕೊಳ್ಳಲು ಕಲಿಸಿದರು. "ಆ ಕಿಸೇದಾಗ ಏನೈತ್ರಿ ಕಾಕಾ?" ಎಂದು ಯಾರಾದರೂ ಚೇಷ್ಟೆ ಮಾಡಿದರೆ ಅವರದು ಒಂದೇ ಉತ್ತರ: "ಈ ಕೈ ತಗದ್ರ ಜೀವ ಹೋಗ್ತೈತಿ." ಕೇಳಿದವರು ನಗುತ್ತಿದ್ದರು. ನಮ್ಮ ಅಂಗಡಿಯ ನಗೆಮಾತು ಅದು.

ಕಲ್ಲಿನ ಕ್ವಾರಿ ನಡೆಸುವವನೊಬ್ಬ ಒಂದು ದಿನ ಜೀಪಿನಲ್ಲಿ ತನ್ನ ಕಂಪ್ಯೂಟರ್ ಹಾಕಿಕೊಂಡು ಬಂದ. ಮೂವತ್ತರ ಆಸುಪಾಸಿನ ಗಟ್ಟಿ ಆಳು. ಪರದೆ ಕಪ್ಪಾಗಿತ್ತು, ಒಳಗಿನಿಂದ ಸೊಳ್ಳೆಯಂಥ ಕೀರಲು ದನಿ. ಗುಂಡು ಹಾರಿಸುವ ಆಟದಲ್ಲಿ ಚಿತ್ರ ನುಣ್ಣಗೆ ಓಡಲೆಂದು ರಿಫ್ರೆಶ್ ರೇಟಿಗೆ ಯಾರೋ ಹೇಳಿದ ದೊಡ್ಡ ಲೆಕ್ಕ ಹಾಕಿದ್ದನಂತೆ. ಈ ಮಾನಿಟರಿಗೆ ಆಗದ ಲೆಕ್ಕಗಳನ್ನು ಮುಚ್ಚಿಡು ಎಂಬಲ್ಲಿದ್ದ ಟಿಕ್ ಗುರುತನ್ನೇ ತೆಗೆದುಹಾಕಿದ್ದ. ಕಾಕಾ ಸೇಫ್ ಮೋಡಿನಲ್ಲಿ ಒಳಹೊಕ್ಕು ಎಲ್ಲ ಸರಿ ಮಾಡಿದರು, ಆ ಗುರುತನ್ನೂ ತಿರುಗಿ ಹಾಕಿದರು.

"ಇದಕ್ಕ ಎಪ್ಪತ್ತೈದ ಕಡೀದು. ಮತ್ತ ಏರಿಸಬ್ಯಾಡಪಾ, ಸುಡ್ತೈತಿ."

"ನನ್ನ ಮಷಿನ್ನ, ನಾ ಏರಸ್ತೇನಿ. ನೀ ಮೊದಲ ಕಿಸೇದಾಗಿನ ಕೈ ತಗದ ಮಾತಾಡ. ಭಾಳ ದೊಡ್ಡ ಸಾಹೇಬಾಗೀಯೇನ?"

ಕಾಕಾ ನಕ್ಕು ತಮ್ಮ ಎಂದಿನ ಮಾತು ಹೇಳಿದರು. ಅವನು ನಗಲಿಲ್ಲ. ಈಗ ನೆನಪಾದಾಗಲೆಲ್ಲ ಆ ನಗದ ಮುಖವೇ ಮೊದಲು ಕಣ್ಣಿಗೆ ಬರುತ್ತದೆ.

ಮುಂದಿನ ವಾರ ಮಧ್ಯಾಹ್ನ ಅವನು ಮತ್ತೆ ಬಂದ. ಜೊತೆಗೆ ಕ್ವಾರಿಯ ಇಬ್ಬರು ಆಳುಗಳು. ಒಬ್ಬನ ಕೈಯಲ್ಲಿ ಜೀಪಿನಿಂದ ಇಳಿಸಿಕೊಂಡ ಹಾರೆ. ಕ್ವಾರಿಯವನು ಲೆಕ್ಕ ಮತ್ತೆ ಏರಿಸಿದ್ದ. ಮನೆಗೆ ಬಂದ ಬೀಗರು ಕೂತು ನೋಡುತ್ತಿರುವಾಗಲೇ ಮಾನಿಟರು ಹೊಗೆಯುಗುಳಿ ಸತ್ತಿತ್ತು. ಬೀಗರು ನಕ್ಕಿದ್ದರು.

ಕಾಕಾನ ಮೇಜಿನ ಮೇಲೆ ಬೇರೊಬ್ಬರ ಮಾನಿಟರು ಬೆನ್ನು ಬಿಚ್ಚಿಕೊಂಡು ನಿಂತಿತ್ತು. ಕರೆಂಟು ಚಾಲೂ ಇತ್ತು. ಬಲಗೈಯಲ್ಲಿ ಪ್ಲಾಸ್ಟಿಕ್ ಕಡ್ಡಿ ಹಿಡಿದು ಅದರೊಳಗೆ ಏನೋ ತಿರುಗಿಸುತ್ತಿದ್ದರು. ಎಡಗೈ ಕಿಸೆಯಲ್ಲಿ.

"ಲೇ, ನೀ ಏನೋ ಮಾಡಿ ಕೊಟ್ಟಿ. ಮಂದಿ ಮುಂದ ನನ್ನ ಮರ್ಯಾದಿ ತಗದಿ," ಎನ್ನುತ್ತ ಅವನು ಮೇಜನ್ನು ಹಿಡಿದು ಅಲ್ಲಾಡಿಸಿದ.

"ಮೇಜ ಅಲಗಸಬ್ಯಾಡ. ಹಿಂದಕ್ಕ ಸರಿ," ಎಂದರು ಕಾಕಾ. ಕಣ್ಣು ತಂತಿಗಳ ಮೇಲೆಯೇ ಇತ್ತು.

"ಕೈ ಹೊರಗ ತಗಿ. ಏನೈತಿ ಅದರಾಗ?"

"ಹಿಂದಕ್ಕ ಸರಿ ಅಂದ್ನಿ. ಈಗ ಈ ಕೈ ತಗದ್ರ ಜೀವ ಹೋಗ್ತೈತಿ."

ಅಂಗಡಿಯ ನಗೆಮಾತಿಗೆ ಅವತ್ತು ಅಂಗಡಿಯಲ್ಲಿ ನಗುವವರು ಇರಲಿಲ್ಲ. "ಚಾಕು ಐತ್ರಿ ಯಜಮಾನ್ರ," ಎಂದ ಹಾರೆಯವನು. ಅಂದವನೇ ಬೀಸಿದ.

ಮೊದಲ ಏಟು ಕಿಸೆಯ ಮೇಲೆ, ಎರಡನೆಯದೂ ಅಲ್ಲಿಯೇ. ಕಾಕಾ ಕೂಗಲಿಲ್ಲ; ಉಸಿರು ಮಾತ್ರ ಒಮ್ಮೆಲೇ ಹೊರಬಂತು. ಅವರು ಕುಸಿದ ರಭಸಕ್ಕೆ ಮೇಜು ವಾಲಿ, ಮಾನಿಟರು ಜಾರಿತು. ಬೀಳುವುದನ್ನು ಹಿಡಿಯುವುದು ಮನುಷ್ಯನ ಗುಣ. ಕ್ವಾರಿಯವನು ಬಲಗೈಯನ್ನು ಅದರ ಬಿಚ್ಚಿದ ಬೆನ್ನಿನೊಳಗೇ ಹಾಕಿ ಹಿಡಿದ; ಆಯ ತಪ್ಪದಿರಲೆಂದು ಎಡಗೈಯಿಂದ ಗೋಡೆಯ ಪಕ್ಕದ ಕಬ್ಬಿಣದ ರ್ಯಾಕನ್ನು ಹಿಡಿದ. ಎರಡೂ ಕೈ.

ಅವನು ಅಲ್ಲೇ ಅಂಟಿಕೊಂಡ. ಹಲ್ಲು ಕಚ್ಚಿಕೊಂಡವು, ಕಣ್ಣು ಮೇಲಾದವು, ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು. ದನಿ ಇಲ್ಲ. ರ್ಯಾಕು ಮಾತ್ರ ಗಡಗಡ ನಡುಗುತ್ತಿತ್ತು. ಅವನ ಆಳುಗಳಿಗೆ ಏನಾಗುತ್ತಿದೆ ಎಂಬುದೇ ತಿಳಿಯಲಿಲ್ಲ.

"ತಂಗಿ, ಮೇನ್ ಬಂದ್ ಮಾಡ," ಎಂದರು ನೆಲದ ಮೇಲಿಂದ ಕಾಕಾ.

ಎಡಗೈಯಲ್ಲಿ ಓಡಣಿ ಹಿಡಿದೇ ನಾನು ಮೇನ್ ಸ್ವಿಚ್ಚು ಕೆಳಗೆಳೆದೆ. ದೀಪ ಆರಿತು, ಫ್ಯಾನು ನಿಧಾನವಾಯಿತು. ಅವನು ಬಿಡಿಸಿಕೊಳ್ಳಲಿಲ್ಲ. ಯುಪಿಎಸ್ ಕೂಂ, ಕೂಂ ಎಂದು ಕೂಗತೊಡಗಿತು. ಮಾನಿಟರಿಗೆ ಕರೆಂಟು ಬರುತ್ತಿದ್ದುದು ಅದರಿಂದಲೇ. ಕರೆಂಟು ಹೋದರೂ ಕೆಲಸ ನಿಲ್ಲದಿರಲೆಂದು ಕಾಕಾ ತಾವೇ ಮಾಡಿಕೊಂಡಿದ್ದ ಏರ್ಪಾಡು. ಅದರ ಗುಂಡಿ ಇದ್ದುದು ಅವನ ಕಾಲುಗಳ ಆಚೆ.

ಕಾಕಾ ಎದ್ದರು. ಎಡಗೈ ಕಿಸೆಯೊಳಗೇ ಜೋತಾಡುತ್ತಿತ್ತು, ಪ್ಯಾಂಟು ಮೊಳಕಾಲಿನವರೆಗೂ ಕೆಂಪಗೆ ತೊಯ್ದಿತ್ತು. ಬಲಗೈಯಲ್ಲಿ ಕಟ್ಟಿಗೆಯ ಸ್ಟೂಲು ಎತ್ತಿ, ರ್ಯಾಕು ಹಿಡಿದಿದ್ದ ಅವನ ತೋಳಿಗೆ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹೊಡೆದರು. ತೋಳು ಮುರಿದು ಕೈ ರ್ಯಾಕಿನಿಂದ ಬಿಟ್ಟಿತು. ಅವನು ಅತ್ತ ಬಿದ್ದ, ಮಾನಿಟರು ಇತ್ತ ಬಿತ್ತು. ಅದರ ಗಾಜಿನ ಬುರುಡೆ ಬಾಂಬಿನಂತೆ ಸಿಡಿಯಿತು.

ಆಳುಗಳು ಕಂಡದ್ದು ಇಷ್ಟೇ: ತಮ್ಮ ಯಜಮಾನನನ್ನು ಸ್ಟೂಲಿನಿಂದ ಹೊಡೆದು ಕೆಡವಿದ್ದಾನೆ. ಆ ಗಾಜಿನ ಚೂರುಗಳ ಮೇಲೆಯೇ ಅವರು ಕಾಕಾನನ್ನು ಒದ್ದರು. ಪಕ್ಕೆಗೆ, ಬೆನ್ನಿಗೆ, ಮುಖಕ್ಕೆ. ನಾನು "ನಿಮ್ಮ ಯಜಮಾನ್ರ ಉಸರ ನೋಡ್ರಿ ಮೊದಲ" ಎಂದು ಒದರುತ್ತಲೇ ಇದ್ದೆ. ಪಕ್ಕದ ಅಂಗಡಿಯವರು ಬಂದು ಹಿಡಿದ ಮೇಲೆ ನಿಲ್ಲಿಸಿದರು.

ಕಾಕಾನನ್ನೂ ಕ್ವಾರಿಯವನನ್ನೂ ಬಾಗಲಕೋಟೆಯ ದವಾಖಾನೆಗೆ ಸಾಗಿಸಿದ್ದು ಅದೇ ಜೀಪಿನಲ್ಲಿ. ನಡುವೆ ನಾನು ಕೂತಿದ್ದೆ. ಹುನಗುಂದ ದಾಟಿದ ಮೇಲೆ ಕಾಕಾ ಕಣ್ಣು ತೆರೆದು, ನನ್ನ ಆಚೆ ಕೂತವನನ್ನು ಕೇಳಿದರು.

"ಎದಿ ಹ್ಯಾಂಗೈತಪಾ? ಸರಿ ಹೊಡ್ಕೊಳ್ಳಾಕತ್ತೈತೇನ?"

ಅವನು ಮುರಿದ ತೋಳನ್ನು ಎದೆಗೊತ್ತಿಕೊಂಡ. "ಯಾಕ ಹೊಡದಿ ನನಗ?"

"ಹೊಡದಿಲ್ಲಪಾ. ಬಿಡಿಸೇನಿ. ಮೈ ಮುಟ್ಟಿದ್ರ ನಾನೂ ಹತ್ಕೊಂಡ ನಿಲ್ತಿದ್ನಿ."

ದವಾಖಾನೆಯಲ್ಲಿ ಕಂಪೌಂಡರ್ ಕತ್ತರಿಯಿಂದ ಆ ಕಿಸೆಯನ್ನು ಮೇಲಿನಿಂದ ಕೆಳತನಕ ಸೀಳಿದ. ಪಕ್ಕದ ಮಂಚದಿಂದ ಕ್ವಾರಿಯವನು ಕತ್ತು ಚಾಚಿ ನೋಡುತ್ತಿದ್ದ. ಒಳಗೆ ಕೈ ಇತ್ತು. ಮತ್ತೇನೂ ಇರಲಿಲ್ಲ. ಅವನು ಗೋಡೆಯ ಕಡೆ ಹೊರಳಿದ.

ಆಮೇಲೆ ಹಿರಿಯರು ಕೂತು ರಾಜಿ ಮಾಡಿಸಿದರು. ಕಾಕಾ ಒಪ್ಪಿದರು. ನನಗದು ಇಂದಿಗೂ ಒಪ್ಪಿಗೆಯಿಲ್ಲ. "ಅವರು ಹೊಡದದ್ದ ಖರೆ. ಆದ್ರ ಅವರ ಕಿವಿಗೆ ಬಿದ್ದದ್ದೂ ನನ್ನ ಮಾತಽ ಅಲ್ಲೇನ ತಂಗಿ," ಎಂದು ನನ್ನ ಬಾಯಿ ಮುಚ್ಚಿಸಿದರು. ಕೈ ತಗದ್ರ ಜೀವ ಹೋಗ್ತೈತಿ ಎಂಬ ಆ ಮಾತನ್ನು ಮತ್ತೆಂದೂ ಅವರು ಆಡಲಿಲ್ಲ. ಬೆರಳುಗಳು ಮತ್ತೆ ಮಡಚಲಿಲ್ಲ, ಕೈ ಕಿಸೆಯಲ್ಲೇ ಉಳಿಯಿತು. ಚಪ್ಪಟೆ ಮಾನಿಟರುಗಳು ಬಂದು ಹಳೆಯ ಬುರುಡೆಗಳು ಗುಜರಿಗೆ ಹೋಗತೊಡಗಿದ ಕಾಲಕ್ಕೆ ಕಾಕಾ ಕಾಮಾಲೆಯಾಗಿ ತೀರಿಕೊಂಡರು.

ಮಣ್ಣಿಗೆ ನಾನೂ ಹೋಗಿದ್ದೆ. ಸರದಿ ಬಂದಾಗ ಬಗ್ಗಿ ಮಣ್ಣು ಹಿಡಿದೆ. ಹಿಂದಿದ್ದ ಅಜ್ಜಿಯೊಬ್ಬರು, "ಎರಡೂ ಕೈಲೆ ಹಾಕವ್ವಾ," ಎಂದರು. ನೋಡಿಕೊಂಡರೆ ನನ್ನ ಎಡಗೈ ಬೆನ್ನ ಹಿಂದೆ ಸೆರಗಿನ ತುದಿ ಬಿಗಿಹಿಡಿದಿತ್ತು. ಬಿಡಿಸಲು ನೋಡಿದೆ, ಬರಲಿಲ್ಲ. ಒಂದೇ ಕೈಯಿಂದ ಹಾಕಿ ಬಂದೆ.