ಟ್ಯಾನರ್ ಎಂಬ ಹೆಸರು

ಕಳೆದ ವಾರ ನಂಜನಗೂಡಿನ ಅಂಗಡಿಯೊಂದರಲ್ಲಿ ಚರ್ಮದ ಚೀಲ ನೋಡುತ್ತಿದ್ದೆ. ಅಂಗಡಿಯವರು ಪ್ಲಾಸ್ಟಿಕ್ ಹೊದಿಕೆ ತೆಗೆದ ಕೂಡಲೇ ಹೊಸ ತೊಗಲಿನ ವಾಸನೆ ಬಂತು. ಕೆಟ್ಟ ವಾಸನೆಯೇನಲ್ಲ. ಆದರೂ ಕೈ ಹಿಂದೆ ತೆಗೆದುಕೊಂಡೆ... ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ನೆನಪಾಗಿದ್ದರು.

ಆಗ ನಾನು ತಿ. ನರಸೀಪುರದಲ್ಲಿ ಎಂಟನೆಯ ತರಗತಿಯಲ್ಲಿದ್ದೆ. ಮೇಷ್ಟ್ರು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ವಯಸ್ಸಾದ ತಾಯಿಯೊಂದಿಗೆ ಬಾಡಿಗೆಗಿದ್ದರು. ಕ್ರೈಸ್ತರು, ಮನೆತನದ ಹೆಸರು ಟ್ಯಾನರ್. ಆ ಹೆಸರೆಂದರೆ ನಮ್ಮಜ್ಜಿಗೆ ಹೆಮ್ಮೆ. "ದೊರೆಗಳ ಎಸ್ರು ಕಣವ್ವ" ಎಂದು ಬೀದಿಯವರಿಗೆಲ್ಲ ಹೇಳುತ್ತಿದ್ದರು. ದಿನಾ ಸಂಜೆ ಮನೆಯವರ ಲೋಟದಲ್ಲೇ ಅವರಿಗೆ ಕಾಫಿ ಕೊಡುತ್ತಿದ್ದರು.

ಒಂದು ದಿನ ಮೇಷ್ಟ್ರು ಪಾಠ ಬದಿಗಿಟ್ಟು ಹೆಸರುಗಳ ಕಥೆ ಹೇಳಿದರು. ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ಜನರಿಗೆ ಒಂದೊಂದೇ ಹೆಸರು. ಒಂದೂರಿನಲ್ಲಿ ಹತ್ತು ಜಾನ್‌ಗಳಾದಾಗ ಗುರುತಿಗೆ ಕಸುಬು ಸೇರಿಸಿ ಕರೆದರು. ಕಮ್ಮಾರ ಸ್ಮಿತ್ ಆದ, ರೊಟ್ಟಿ ಸುಡುವವನು ಬೇಕರ್ ಆದ, ತೊಗಲು ಹದ ಮಾಡುವವನು ಟ್ಯಾನರ್ ಆದ. ಮಕ್ಕಳು ಕಸುಬು ಬಿಟ್ಟರೂ ಹೆಸರು ಅವರನ್ನು ಬಿಡಲಿಲ್ಲ.

"ಸಾ, ನಮ್ಮೂರಲ್ಲಿ ಹತ್ತು ಜನ ನಂಜುಂಡ ಅವ್ರೆ, ಅವ್ರಿಗೂ ಇಂಗೇ ಮಾಡೋವಾ ಸಾ?" ಎಂದ ಹಿಂದಿನ ಬೆಂಚಿನವನೊಬ್ಬ. ಮೇಷ್ಟ್ರೂ ನಕ್ಕರು. ಆಮೇಲೆ ತಮ್ಮ ಹೆಸರಿನ ಕಥೆಗೆ ಬಂದರು. ಆ ಟ್ಯಾನರ್ ಮನೆತನದ ಪಾದ್ರಿಯೊಬ್ಬರು ಈ ಕಡೆ ಬಂದಿದ್ದರಂತೆ. ಬರಗಾಲದಲ್ಲಿ ತಬ್ಬಲಿಯಾದ ಮಗುವೊಂದನ್ನು ಸಾಕಿ, ತಮ್ಮ ಹೆಸರನ್ನೇ ಕೊಟ್ಟರಂತೆ. "ಆ ಮಗು ನಮ್ಮ ತಾತ" ಎಂದರು.

ನಾನು ಮನೆಗೆ ಓಡಿದೆ. ಇಂಗ್ಲಿಷ್ ಗೊತ್ತೆಂದು ತೋರಿಸಿಕೊಳ್ಳುವ ಆಸೆ. ಟ್ಯಾನರ್ ಅಂದರೆ ತೊಗಲು ಹದ ಮಾಡುವವರು ಎಂದಷ್ಟೇ ಅಜ್ಜಿಗೆ ಹೇಳಿದೆ. ಪಾದ್ರಿಯನ್ನೂ ಮಗುವನ್ನೂ ಬಿಟ್ಟೆ...

ಸಂಜೆ ಅಜ್ಜಿ ಮೇಷ್ಟ್ರನ್ನು ಅಂಗಳದಲ್ಲೇ ನಿಲ್ಲಿಸಿದರು. "ನಿಮ್ಮೋರು ತೊಗಲು ಅದ ಮಾಡೋರಂತೆ, ದಿಟವಾ ಮೇಷ್ಟ್ರೇ?"

"ಅದು ಯಾವತ್ತಿನದೋ ಇಂಗ್ಲೆಂಡಿನ ಮಾತಮ್ಮ. ನಮಗೆ ಬಂದಿದ್ದು ಹೆಸರು ಮಾತ್ರ."

"ಅಂಗಾದ್ರೆ ನಿಮ್ ತಾತ ಯಾವ ಜನ?"

ಒಂದು ಸುಳ್ಳು ಸಾಕಿತ್ತು. ಮೇಷ್ಟ್ರು ಅದನ್ನು ಹೇಳಲಿಲ್ಲ. "ಗೊತ್ತಿಲ್ಲಮ್ಮ. ಹಸಿದ ಮಗೂನ ಯಾರೂ ಅದನ್ನ ಕೇಳಲಿಲ್ಲ."

"ತಿಂಗಳೊಳಗೆ ಬ್ಯಾರೆ ಮನೆ ನೋಡ್ಕಳಿ."

ಮೇಷ್ಟ್ರು ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ತಿರುಗಿದರು. "ಪೂರ್ತಿ ಕಥೆ ಹೇಳಿದ್ಯಾ ಮಗು?"

ಹೂಂ ಎಂದು ತಲೆಯಾಡಿಸಿದೆ.

ಅವರು ಒಳಗೆ ಹೋದ ಮೇಲೆ ಅಜ್ಜಿ ಮೇಷ್ಟ್ರು ಕಾಫಿ ಕುಡಿಯುತ್ತಿದ್ದ ಲೋಟವನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ಒಲೆಯ ಕೆಂಡದ ಮೇಲೆ ಹಿಡಿದರು. ಅಜ್ಜಿ ಬೆಳೆದು ಬಂದ ರೀತಿಯೇ ಹಾಗಿತ್ತು ಎನ್ನಬಹುದು. ನನ್ನ ತಲೆಯಾಡಿಕೆಗೆ ಆ ನೆಪವೂ ಇಲ್ಲ.

ಮೇಷ್ಟ್ರು ಊರಿನಲ್ಲಿ ನಾಲ್ಕಾರು ಕಡೆ ಮನೆ ಕೇಳಿದರು. ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆಲ್ಲ ಹೋಗಿತ್ತು. ಶಾಲೆಯ ವರ್ಷ ಮುಗಿಯುವ ಮುಂಚೆಯೇ ವರ್ಗ ಮಾಡಿಸಿಕೊಂಡು, ತಾಯಿಯ ಕೈ ಹಿಡಿದು ಬಸ್ಸು ಹತ್ತಿದರು.

ಹೋದ ವರ್ಷ ಅವರು ತೀರಿಕೊಂಡರೆಂದು ಹಳೆಯ ಗೆಳತಿಯಿಂದ ತಿಳಿಯಿತು. ಅರ್ಧ ಕಥೆ ಹೇಳಿದವಳು ನಾನೇ ಎಂದು ಒಪ್ಪಿಕೊಳ್ಳಲು ಇನ್ನು ಅವರಿಲ್ಲ.

ನಾನೀಗ ನಂಜನಗೂಡಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಪ್ರತಿ ವರ್ಷ ಮಕ್ಕಳಿಗೆ ಹೆಸರುಗಳ ಕಥೆ ಹೇಳುತ್ತೇನೆ, ಮೇಷ್ಟ್ರು ಹೇಳಿದ ಹಾಗೆಯೇ. ಬೋರ್ಡಿನ ಮೇಲೆ ಸ್ಮಿತ್ ಬರೆಯುತ್ತೇನೆ, ಬೇಕರ್ ಬರೆಯುತ್ತೇನೆ. ಮೂರನೆಯ ಹೆಸರನ್ನು ಈವರೆಗೂ ಬರೆದಿಲ್ಲ.