ಎದೆಬಡಿತ ನೋಡಿ ಡೋಲು ಬಡಿಯುವ ಇಸ್ಕಂದರ್

ಬೆಳಗಿನ ಐದು ಗಂಟೆ. ಕಾಶಾನ್ ಪಟ್ಟಣದ ತಾಮ್ರದ ಪೇಟೆಯ ಹಿಂದಿನ ಗರಡಿಮನೆಯಲ್ಲಿ ಇಸ್ಕಂದರ್ ಹೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಡೋಲಿನ ಚರ್ಮಕ್ಕೆ ಶಾಖ ಕೊಡುತ್ತಿದ್ದಾರೆ. ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿ ಒಬ್ಬೊಬ್ಬರೇ ಒಳಗೆ ಬರುತ್ತಾರೆ. ಬಂದವರು ನೇರ ಅಖಾಡಕ್ಕೆ ಇಳಿಯುವಂತಿಲ್ಲ. ಮೊದಲು ಕೈ ಚಾಚಬೇಕು. ಇಸ್ಕಂದರ್ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾರೆ.

“ನೂರಾ ನಾಲ್ಕು. ಏನು ತಿಂದ್ಕೊಂಡು ಬಂದೆ?”

“ಏನಿಲ್ಲ ಮುರ್ಷಿದ್, ಒಂದೇ ಒಂದು ಬಟ್ಟಲು ತಲೆಕಾಲಿನ ಸಾರು,” ಎನ್ನುತ್ತಾನೆ ಜಂಖಾನೆ ರಿಪೇರಿಯ ಜಮ್‌ಶೀದ್.

“ಹೊಟ್ಟೇಲಿ ಕುರಿ ಕೂರಿಸ್ಕೊಂಡು ಬಂದು ಗದೆ ತಿರುಗಿಸ್ತಾನಂತೆ! ಹೋಗು, ಮೇಲೆ ಕೂತು ನೋಡು. ಇವತ್ತು ಅಷ್ಟೇ ನಿಂಗೆ.”

“ಗರಡಿಗೆ ಬಂದಿದೀವೋ ದವಾಖಾನೆಗೋ ಗೊತ್ತಾಗಲ್ಲಪ್ಪ,” ಎಂದು ಗೊಣಗುತ್ತಲೇ ಜಮ್‌ಶೀದ್ ಬೆಂಚಿನ ಮೇಲೆ ಕೂರುತ್ತಾನೆ.

ಇಸ್ಕಂದರರಿಗೆ ಅರವತ್ತಾರು. ಹಗಲಿಡೀ ಬೀಗದ ಕೈ ಮಾಡುವ ಕಸುಬು. ಬೆಳಗ್ಗೆ ಒಂದೂವರೆ ಗಂಟೆ ಹೊತ್ತು ಮಾತ್ರ ಅವರು ಮುರ್ಷಿದ್, ಅಂದರೆ ಕಟ್ಟೆಯ ಮೇಲೆ ಕೂತು ಹಾಡುತ್ತ ಡೋಲು ಬಾರಿಸುವವರು. ಮೂವತ್ತೊಂದು ವರ್ಷದಿಂದ ಇದೇ ಕಟ್ಟೆ. ಕೆಳಗಿನ ಹದಿನಾಲ್ಕು ಮಂದಿ ಅವರ ಏಟಿಗೆ ಸರಿಯಾಗಿ ಗದೆ ತಿರುಗಿಸುತ್ತಾರೆ, ದಂಡ ಹೊಡೆಯುತ್ತಾರೆ. ಹದಿನಾಲ್ಕು ಎದೆಗಳ ವೇಗ ಅವರ ಎರಡು ಅಂಗೈಯಲ್ಲಿದೆ. ಪತ್ರಿಕೆಯಲ್ಲಿ ಫೋಟೋ ಬರುವುದು ಪೈಲ್ವಾನರದ್ದು, ಡೋಲಿನವರದ್ದಲ್ಲ.

ಮೊದಲ ಹತ್ತು ನಿಮಿಷ ಡೋಲು ತೂಕಡಿಸುವಂತಿರುತ್ತದೆ, ಮೈ ಬಿಸಿಯಾಗಲೆಂದು. ಎಣಿಕೆಗೆ ಎಲ್ಲರೂ ದನಿಗೂಡಿಸಲೇಬೇಕು. “ಯಾರ ಬಾಯಿ ಮುಚ್ಕೊಳ್ಳುತ್ತೋ ಅವನನ್ನೇ ನೋಡ್ತೀನಿ. ಮಾತಾಡೋಕೆ ಉಸಿರು ಸಾಲ್ದೆ ಇದ್ರೆ ಗದೆಗೆ ಎಲ್ಲಿಂದ ತರ್ತಾನೆ?” ಎನ್ನುತ್ತಾರೆ. ಗದೆ ಇಳಿಸಿದ ಕೂಡಲೇ ಯಾರೂ ಕೂರುವಂತಿಲ್ಲ. ಡೋಲು ನಿಧಾನಕ್ಕೆ ತಗ್ಗುತ್ತ ಎದೆಯನ್ನೂ ತಗ್ಗಿಸಿಕೊಂಡು ಬರುತ್ತದೆ.

ಇದನ್ನೆಲ್ಲ ಹೊಗಳಿದರೆ ಇಸ್ಕಂದರ್ ಮುಖ ತಿರುಗಿಸುತ್ತಾರೆ. ಕಲಿತ ಬಗೆ ಹೇಳಿಕೊಳ್ಳುವಂಥದ್ದಲ್ಲ.

ನಾಲ್ಕು ವರ್ಷದ ಹಿಂದಿನ ಒಂದು ಶುಕ್ರವಾರ. ತಾಮ್ರದ ಕಸುಬಿನ ಪೈಲ್ವಾನ್ ಸೈಫುಲ್ಲಾ ಇಸ್ಕಂದರರ ಬಾಲ್ಯದ ಗೆಳೆಯರು. ನಿಂತಲ್ಲೇ ಗಿರಗಿರನೆ ಸುತ್ತುವ ಸರದಿ ಬಂದಾಗ ಅವರು, “ಬೇಡ, ಇವತ್ತು ಚಿಕ್ಕೋರು ಸುತ್ತಲಿ,” ಎಂದರು. ಹಾಗೆನ್ನದ ಹಿರಿಯರು ಈ ಊರಲ್ಲಿ ಯಾರಿದ್ದಾರೆ? ಚಹಾ ಕೊಟ್ಟರೂ ಮೂರು ಸಲ ಬೇಡವೆಂದು ನಾಲ್ಕನೆಯದಕ್ಕೆ ಲೋಟ ಎತ್ತುವ ಜನ ನಾವು. ಒಂದೇ ಮಾತಿಗೆ ಒಪ್ಪಿದವನು ಆಸೆಬುರುಕ, ಒಂದೇ ಮಾತಿಗೆ ಒತ್ತಾಯ ಬಿಟ್ಟವನು ಮರ್ಯಾದೆ ತಿಳಿಯದವನು. ಹಾಗಾಗಿ ಎಲ್ಲರೂ ಒತ್ತಾಯಿಸಿದರು. ಸೈಫುಲ್ಲಾ ದವಡೆ ಉಜ್ಜಿಕೊಳ್ಳುತ್ತ ಮತ್ತೆ ಬೇಡವೆಂದರು. ಮೂರನೆಯ ಸಲ ಬೇಡವೆಂದ ಕೂಡಲೇ ಇಸ್ಕಂದರ್ ತಲೆಯ ಮೇಲೆ ತೂಗುವ ಗಂಟೆ ಬಾರಿಸಿಬಿಟ್ಟರು. ಅದು ದೊಡ್ಡ ಪೈಲ್ವಾನರಿಗಷ್ಟೇ ಸಲ್ಲುವ ಗೌರವ. ಗಂಟೆ ಮೊಳಗಿದ ಮೇಲೆ ಹಿಂದೆ ಸರಿಯುವುದು ಹೇಗೆ? ದಾಕ್ಷಿಣ್ಯಕ್ಕೆ ಬಸಿರಾಗುವುದೆಂದರೆ ಇದೇ. ಸೈಫುಲ್ಲಾ ಸುತ್ತಿದರು. ಹನ್ನೊಂದನೆಯ ಸುತ್ತಿನಲ್ಲಿ ಕುಸಿದರು.

“ಅವನು ನಿಧಾನ ಆಗಿದ್ದು ನಂಗೆ ಕಾಣ್ತು,” ಎನ್ನುತ್ತಾರೆ ಇಸ್ಕಂದರ್, ನೆಲ ನೋಡುತ್ತ. “ಕಂಡೇ ಡೋಲು ಜೋರು ಮಾಡ್ದೆ. ‘ಏನೋ ಮುದುಕಾ, ಇಷ್ಟೇನಾ?’ ಅಂತ ಕೂಗ್ದೆ. ಎಲ್ಲ ನಕ್ರು. ಬಿದ್ದ ಮೇಲೂ ಎರಡೇಟು ಬಾರಿಸಿದೀನಿ. ಈ ಕೈ ನೋಡ್ಕೊಂಡ್ರೆ ನಾಚಿಕೆ ಆಗುತ್ತೆ.”

ಆಂಬುಲೆನ್ಸ್ ಬಂತು, ಜೀವ ಉಳಿಯಿತು. ಹೃದಯದ ಅರ್ಧ ಕಸುವು ಹೋಯಿತು. ಸೈಫುಲ್ಲಾ ಇನ್ನು ಸುತ್ತಿಗೆ ಎತ್ತುವಂತಿಲ್ಲ, ಗರಡಿಗಂತೂ ಇಳಿಯುವಂತಿಲ್ಲ. ನೋಡಲು ಹೋದ ಇಸ್ಕಂದರರನ್ನು ಸೈಫುಲ್ಲಾರ ಹೆಂಡತಿ ತೂಬಾ ಬಾಗಿಲಲ್ಲೇ ಕೇಳಿದರು.

“ಅಣ್ಣಾ, ಅವರು ಬೇಡ ಅಂದಿರ್ಲಿಲ್ವಾ?”

“ಅಂದಿದ್ದಮ್ಮ.”

“ಎಷ್ಟು ಸಲ?”

“ಮೂರು ಸಲ.”

ಆಕೆ ಬಾಗಿಲಿಂದ ಪಕ್ಕಕ್ಕೆ ಸರಿದರು. ಒಳಗೆ ಕರೆದು ಚಹಾ ಕೊಟ್ಟರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತಂತೆ ಇಸ್ಕಂದರರಿಗೆ.

ಮೂರು ತಿಂಗಳು ಅವರು ಡೋಲು ಮುಟ್ಟಲಿಲ್ಲ. ಆಮೇಲೆ ಓಣಿಯ ನರ್ಸೊಬ್ಬರ ಬಳಿ ನಾಡಿ ನೋಡುವುದನ್ನೂ, ಉಸಿರು ನಿಂತವರ ಎದೆ ಒತ್ತುವುದನ್ನೂ ಕಲಿತು ಕಟ್ಟೆಗೆ ಮರಳಿದರು. ದವಡೆ, ಎಡತೋಳು, ಬೆನ್ನು, ಹೃದಯದ ನೋವು ಹಬ್ಬುವ ಈ ಜಾಗಗಳನ್ನು ಯಾರು ಹಿಡಿದುಕೊಂಡರೂ ಸರಿ, ಡೋಲು ನಿಲ್ಲುತ್ತದೆ. ಮತ್ತೊಂದು ಕಟ್ಟಳೆಯನ್ನೂ ತಂದರು: ಈ ಗರಡಿಯಲ್ಲಿ ಒಮ್ಮೆ ಬೇಡವೆಂದರೆ ಬೇಡ. ಇದಕ್ಕೆ ಬೈಸಿಕೊಂಡಷ್ಟು ಅವರು ಬೇರೆ ಯಾವುದಕ್ಕೂ ಬೈಸಿಕೊಂಡಿಲ್ಲ.

ಇವತ್ತೂ ಅದೇ. ಇಸ್ಫಹಾನಿನಿಂದ ಬಂದ ದಪ್ಪ ಮೀಸೆಯ ಅತಿಥಿ ಪೈಲ್ವಾನರು ಸುತ್ತುವ ಸರದಿಗೆ ಎದೆಯ ಮೇಲೆ ಕೈಯಿಟ್ಟು, “ನಾನೆಲ್ಲಿ, ನೀವೆಲ್ಲಿ! ಬೇಡ ಬೇಡ,” ಎನ್ನುತ್ತಾರೆ. ಒತ್ತಾಯ ಬರಲೆಂದು ಕಾಯುತ್ತಾರೆ. ಇಸ್ಕಂದರ್ ತಲೆ ಬಾಗಿಸಿ ಮುಂದಿನವನಿಗೆ ಡೋಲು ಬಾರಿಸುತ್ತಾರೆ. ಅತಿಥಿಯ ಮುಖ ಕೆಂಪೇರುತ್ತದೆ.

“ಕಾಶಾನಿನಲ್ಲಿ ಎರಡನೇ ಸಲ ಕರೆಯೋ ಪದ್ಧತಿ ಇಲ್ವೇನೋ,” ಎಂದು ಹೊರಡುವಾಗ ಚುಚ್ಚುತ್ತಾರೆ.

“ಇತ್ತು ಪೈಲ್ವಾನ್ರೇ. ನಾನೇ ಕೆಡಿಸ್ದೆ. ನನ್ನ ಮೇಲಿರಲಿ ಆ ಮರ್ಯಾದೆಗೇಡು,” ಎಂದು ಇಸ್ಕಂದರ್ ಎದೆಯ ಮೇಲೆ ಕೈಯಿಟ್ಟು ಬಾಗುತ್ತಾರೆ.

ಏಳು ಗಂಟೆಗೆ ಗರಡಿ ಬರಿದಾಗಿದೆ. ಇನ್ನೇನಾದರೂ ಆಸೆಯಿದೆಯೇ ಎಂದರೆ ಡೋಲಿಗೆ ಬಟ್ಟೆ ಹೊದಿಸುತ್ತ ಮಾತು ತೆಗೆಯುತ್ತಾರೆ.

“ಸೈಫುಲ್ಲಾ ಹತ್ರ ಕ್ಷಮಿಸು ಅಂತ ಕೇಳ್ದೆ. ‘ಅಯ್ಯೋ ಬಿಡೋ, ನಿಂದೇನು ತಪ್ಪು’ ಅಂದ. ಹೋದಾಗಲೆಲ್ಲ ಹಂಗೇ ಅಂತಾನೆ, ನಗ್ತಾ ಚಹಾ ಕೊಡ್ತಾನೆ. ಅದು ಮನಸಾರೆ ಹೇಳಿದ್ದೋ, ಉಪಚಾರದ ಮಾತೋ, ನಂಗೆ ತಿಳಿಯಲ್ಲ. ತಿಳಿಯೋ ಹಂಗಿದ್ರೆ ಆವತ್ತು ಬೇಡ ಅಂದಾಗ್ಲೇ ತಿಳೀತಿತ್ತಲ್ಲ. ಒಂದೇ ಒಂದು ಸಲ ಅವನು ನಂಗೆ ಬಾಯಿತುಂಬ ಬೈದುಬಿಟ್ರೆ ಸಾಕು.”